ಮುಖ ಬಿಸಿಯಾಗುವುದು, ನಿಲ್ಲದ ಭೇದಿ, ಕಾರ್ಸಿನಾಯ್ಡ್ ಗೆಡ್ಡೆ: ಡಾಕ್ಟರ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಹೋದ ವಾರ ಉಡುಪಿಯ ಸದಸ್ಯರೊಬ್ಬರು ಮಗನ ಅಪೆಂಡಿಕ್ಸ್ ಬಯಾಪ್ಸಿ ರಿಪೋರ್ಟ್ ಹಾಕಿದ್ದರು. ಅದರಲ್ಲಿ ಕಾರ್ಸಿನಾಯ್ಡ್ ಅಂತ ಇತ್ತು. ಅಲ್ಲಿಂದ ಗುಂಪಿನಲ್ಲಿ ಗಾಬರಿ ಶುರುವಾಗಿದೆ. ಇವತ್ತು ರಾತ್ರಿ 8ರಿಂದ ಮಂಗಳೂರಿನ ನಮ್ಮ ಗ್ಯಾಸ್ಟ್ರೋ (ಹೊಟ್ಟೆ, ಕರುಳಿನ ಡಾಕ್ಟರ್) ಮೇಡಂ ಉತ್ತರ ಕೊಡುತ್ತಾರೆ. ಹೆಸರು ಬೇಡ, ಊರಿನ ಹೆಸರು ಹಾಕಿ ಕೇಳಿ. ಫಾರ್ವರ್ಡ್ ಹಾಕಬೇಡಿ.

ಉಡುಪಿ: ಮೇಡಂ, ಮಗನಿಗೆ 22 ವರ್ಷ. ಗೆಡ್ಡೆ 0.7 ಸೆಂ.ಮೀ., ಅಪೆಂಡಿಕ್ಸಿನ ತುದಿಯಲ್ಲಿ. ಪೂರ್ತಿ ತೆಗೆದಾಗಿದೆ ಅಂತ ಬರೆದಿದ್ದಾರೆ. ಕೀಮೋ ಬೇಕಾ? ಮನೆಯಲ್ಲಿ ಯಾರಿಗೂ ಊಟ ಸೇರುತ್ತಿಲ್ಲ.

ಡಾಕ್ಟರ್: ಮೊದಲು ಊಟ ಮಾಡಿ. ಅಪೆಂಡಿಕ್ಸಿನಲ್ಲಿ 1 ಸೆಂ.ಮೀ.ಗಿಂತ ಸಣ್ಣದು, ಅಂಚಿನಲ್ಲಿ ಏನೂ ಉಳಿದಿಲ್ಲ ಅಂದರೆ ಸಾಮಾನ್ಯವಾಗಿ ಆ ಆಪರೇಷನ್ನಿಗೇ ಚಿಕಿತ್ಸೆ ಮುಗಿಯುತ್ತದೆ. ಕೀಮೋ ಬೇಡ. 2 ಸೆಂ.ಮೀ. ದಾಟಿದರೆ ಬಲಭಾಗದ ದೊಡ್ಡ ಕರುಳು ತೆಗೆಯುವ ಮಾತು ಬರುತ್ತದೆ. ರಿಪೋರ್ಟಿನಲ್ಲಿ ಕೆಐ-67, ಅಂದರೆ ಗೆಡ್ಡೆಯ ಎಷ್ಟು ಜೀವಕೋಶ ಬೆಳೆಯುತ್ತಿವೆ ಅನ್ನುವ ಲೆಕ್ಕ, ಎಷ್ಟಿದೆ?

ಉಡುಪಿ: 1% ಅಂತ ಉಂಟು.

ಡಾಕ್ಟರ್: 3%ಕ್ಕಿಂತ ಕಡಿಮೆ, ಅಂದರೆ ಗ್ರೇಡ್ 1. ನಿಧಾನದ ಜಾತಿ. ಆಪರೇಷನ್ ಮಾಡಿದವರಿಗೆ ರಿಪೋರ್ಟ್ ತೋರಿಸಿ, ಅವರು ಸರಿ ಅಂದರೆ ಹುಡುಗನನ್ನು ಕಾಲೇಜಿಗೆ ಕಳಿಸಿ.

ಸುರತ್ಕಲ್: ಇದು ಕ್ಯಾನ್ಸರಾ ಅಲ್ವಾ, ಒಂದೇ ಮಾತಿನಲ್ಲಿ ಹೇಳಿ ಮೇಡಂ.

ಡಾಕ್ಟರ್: ಒಂದೇ ಮಾತಿನಲ್ಲಿ ಆಗುವುದಿಲ್ಲ. ಕಾರ್ಸಿನಾಯ್ಡ್ ಅಂದರೆ ‘ಕ್ಯಾನ್ಸರಿನ ಹಾಗಿರುವುದು’. 1907ರಲ್ಲಿ ಜರ್ಮನಿಯ ಓಬರ್ನ್‌ಡಾರ್ಫರ್ ಇಟ್ಟ ಹೆಸರು. ಇವು ಸೌಮ್ಯ ಅಂತಲೇ ಅವರು ಅಂದುಕೊಂಡಿದ್ದರು. ಆಮೇಲೆ 1929ರಲ್ಲಿ, ಹರಡುವುದೂ ಉಂಟು ಅಂತ ಅವರೇ ತಿದ್ದಿದರು. ಈಗ ನ್ಯೂರೋಎಂಡೋಕ್ರೈನ್ ಗೆಡ್ಡೆ ಅನ್ನುತ್ತೇವೆ. ಹಾರ್ಮೋನ್ ತಯಾರಿಸುವ ಜೀವಕೋಶಗಳಿಂದ ಹುಟ್ಟುತ್ತದೆ. ಕರುಳು, ಶ್ವಾಸಕೋಶ ಎರಡರಲ್ಲೂ ಬರಬಹುದು. ಹೆಚ್ಚಿನವು ನಿಧಾನ. ಹಾಗಂತ ಬಿಟ್ಟುಬಿಡುವಂಥದ್ದಲ್ಲ.

ಕಾರ್ಕಳ: ಮೇಡಂ, ಅಮ್ಮನಿಗೆ 61. ಎರಡು ವರ್ಷದಿಂದ ಭೇದಿ, ದಿನಕ್ಕೆ ಆರೇಳು ಸಲ, ರಾತ್ರಿಯೂ ಏಳುತ್ತಾರೆ. ಐಬಿಎಸ್ (ಕರುಳು ಸೂಕ್ಷ್ಮವಾಗಿರುವ ತೊಂದರೆ) ಅಂದಿದ್ದರು. ಮುಖ, ಕುತ್ತಿಗೆ ಇದ್ದಕ್ಕಿದ್ದ ಹಾಗೆ ಬಿಸಿಯಾಗುತ್ತದೆ. ಮೊನ್ನೆ ಮದುವೆಯಲ್ಲಿ ಕೋರಿರೊಟ್ಟಿ ಅರ್ಧ ತಿಂದು ಎದ್ದುಬಿಟ್ಟರು, ಕಣ್ಣೆಲ್ಲ ಕೆಂಪು. ಬಿಪಿ ಅಂದುಕೊಂಡೆವು. ಈಗ ಪಿತ್ತಕೋಶದ ಕಲ್ಲಿಗೆ ಗುರುವಾರ ಆಪರೇಷನ್. ಸ್ಕ್ಯಾನಿನಲ್ಲಿ ಲಿವರ್‌ನಲ್ಲಿ ಮೂರು ಚುಕ್ಕೆ ಇದೆ, ರಕ್ತನಾಳದ ಗಂಟಿರಬಹುದು ಅಂತ ಬರೆದಿದ್ದಾರೆ. ಈ ಗುಂಪಿನಲ್ಲಿ ಓದಿ ಭಯವಾಯಿತು.

ಡಾಕ್ಟರ್: ಬಿಸಿಯಾಗುವಾಗ ಬೆವರುತ್ತಾರಾ? ಕಾಲು ಊದಿಕೊಂಡಿದೆಯಾ? ಕೈ, ಕುತ್ತಿಗೆಯ ಚರ್ಮ ಹೇಗಿದೆ?

ಕಾರ್ಕಳ: ಬೆವರು ಇಲ್ಲ. ಸಂಜೆ ಹೊತ್ತಿಗೆ ಪಾದ ಊದುತ್ತದೆ, ಚಪ್ಪಲಿಯ ಗುರುತು ಬೀಳುತ್ತದೆ. ಕೈ ಹಿಂಭಾಗ, ಕುತ್ತಿಗೆ ಕಪ್ಪಾಗಿ ಒರಟಾಗಿದೆ. ಅಂಗಳದಲ್ಲಿ ಅಡಿಕೆ ಒಣಗಿಸುತ್ತಾರಲ್ಲ, ಬಿಸಿಲಿಗೆ ಅಂದುಕೊಂಡಿದ್ದೆವು.

ಪುತ್ತೂರು: ಫಾರ್ವರ್ಡ್ ಆಗಿ ಬಂದದ್ದು: ಲಕ್ಷ್ಮಣಫಲದ ಎಲೆ 12, ನೀರಿನಲ್ಲಿ ಕುದಿಸಿ ಖಾಲಿ ಹೊಟ್ಟೆಗೆ ಕುಡಿದರೆ ಕೀಮೋಗಿಂತ 10,000 ಪಟ್ಟು ಬಲ. ಕಾರ್ಕಳದ ಅಕ್ಕ, ಅಮ್ಮನಿಗೆ ಕೊಟ್ಟು ನೋಡಿ.

ಡಾಕ್ಟರ್: ಕೊಡಬೇಡಿ. ಕಾರ್ಕಳದವರೇ, ಉತ್ತರ ಟೈಪ್ ಮಾಡುತ್ತಿದ್ದೇನೆ, ಇರಿ.

ಬಂಟ್ವಾಳ: ಮೇಡಂ, ನನಗೆ ಕೂದಲು ಜಾಸ್ತಿ ಉದುರುತ್ತಿದೆ, ಇದೂ ಹಾರ್ಮೋನಾ?

ಡಾಕ್ಟರ್: ಕಾರ್ಕಳದವರಿಗೆ. ನೋಡದೆ ಇದೇ ಕಾಯಿಲೆ ಅಂತ ನಾನು ಹೇಳಲಾರೆ. ಆದರೆ ನೀವು ಬರೆದದ್ದೆಲ್ಲ ಒಂದೇ ಕಡೆ ಬೊಟ್ಟು ಮಾಡುತ್ತದೆ. ಐಬಿಎಸ್ ಭೇದಿ ಸಾಮಾನ್ಯವಾಗಿ ರಾತ್ರಿ ನಿದ್ದೆಯಿಂದ ಎಬ್ಬಿಸುವುದಿಲ್ಲ. ಮುಟ್ಟು ನಿಲ್ಲುವಾಗಿನ ಬಿಸಿಗೆ ಬೆವರು ಜೊತೆಗಿರುತ್ತದೆ, ಇಲ್ಲಿ ಒಣ ಬಿಸಿ. ನಮ್ಮ ಕಡೆಯ ಮೈಬಣ್ಣದಲ್ಲಿ ಕೆಂಪು ಅಷ್ಟಾಗಿ ಕಾಣುವುದಿಲ್ಲ, ಅದಕ್ಕೇ ಎಷ್ಟೋ ಸಲ ತಪ್ಪಿಹೋಗುತ್ತದೆ.

ಸಣ್ಣ ಕರುಳಿನ ಗೆಡ್ಡೆ ಸೆರೊಟೋನಿನ್ ಮತ್ತು ಇನ್ನೂ ಕೆಲವು ರಾಸಾಯನಿಕ ಬಿಡುತ್ತದೆ. ಕರುಳಿನ ರಕ್ತ ಮೊದಲು ಲಿವರಿಗೆ ಹೋಗುವುದರಿಂದ ಅಲ್ಲಿ ಅವು ನಾಶವಾಗುತ್ತವೆ, ರೋಗಿಗೆ ಗೊತ್ತೇ ಆಗುವುದಿಲ್ಲ. ಗೆಡ್ಡೆ ಲಿವರಿಗೆ ಹರಡಿದ ಮೇಲೆ ಅವು ನೇರ ಹೃದಯದ ಬಲಭಾಗಕ್ಕೆ ಬರುತ್ತವೆ. ಆಗ ಬಿಸಿ, ಭೇದಿ, ಕೆಲವರಿಗೆ ಉಬ್ಬಸ. ಇದನ್ನೇ ಕಾರ್ಸಿನಾಯ್ಡ್ ಸಿಂಡ್ರೋಮ್ ಅನ್ನುವುದು. ಗೆಡ್ಡೆ ಇದ್ದವರಿಗೆಲ್ಲ ಇದು ಬರುವುದಿಲ್ಲ. ವರ್ಷಗಟ್ಟಲೆ ಹೀಗೇ ನಡೆದರೆ ಬಲಭಾಗದ ಕವಾಟಗಳು ದಪ್ಪವಾಗಿ ಸರಿಯಾಗಿ ಮುಚ್ಚುವುದಿಲ್ಲ, ಕಾಲು ಊದುತ್ತದೆ.

ಇನ್ನು ಚರ್ಮ. ನಾವು ತಿನ್ನುವ ಪ್ರೋಟೀನಿನಲ್ಲಿರುವ ಟ್ರಿಪ್ಟೊಫಾನ್ ಎಂಬ ಅಂಶದಿಂದ ದೇಹ ನಯಾಸಿನ್ ಎಂಬ ವಿಟಮಿನ್ ಮಾಡಿಕೊಳ್ಳುತ್ತದೆ. ಗೆಡ್ಡೆ ಆ ಟ್ರಿಪ್ಟೊಫಾನನ್ನೆಲ್ಲ ಸೆರೊಟೋನಿನ್ನಿಗೆ ಬಳಸಿದರೆ ನಯಾಸಿನ್ ಕೊರತೆಯಾಗಿ, ಬಿಸಿಲು ಬೀಳುವ ಜಾಗದಲ್ಲಿ ಚರ್ಮ ಕಪ್ಪಾಗಿ ಒರಟಾಗುತ್ತದೆ. ಅಡಿಕೆ ಅಂಗಳದ ಬಿಸಿಲೇ ಇರಬಹುದು. ಆದರೂ ಡಾಕ್ಟರಿಗೆ ತೋರಿಸಿ.

ನನಗೆ ಹೆದರಿಕೆ ಇರುವುದು ಗುರುವಾರದ ಬಗ್ಗೆ. ಇಂಥ ಗೆಡ್ಡೆ ಇದ್ದವರಿಗೆ ಗೊತ್ತಿಲ್ಲದೆ ಅನಸ್ತೇಶಿಯಾ ಕೊಟ್ಟರೆ ಒಮ್ಮೆಗೇ ರಾಸಾಯನಿಕ ಸುರಿದು ಬಿಪಿ ಕುಸಿಯಬಹುದು, ಶ್ವಾಸನಾಳ ಬಿಗಿಯಬಹುದು. ಕಾರ್ಸಿನಾಯ್ಡ್ ಕ್ರೈಸಿಸ್ ಅನ್ನುತ್ತಾರೆ, ಜೀವಕ್ಕೇ ಅಪಾಯ. ಮೊದಲೇ ಗೊತ್ತಿದ್ದರೆ ಆಕ್ಟ್ರಿಯೊಟೈಡ್ ಇಂಜೆಕ್ಷನ್ ಸಿದ್ಧ ಇಟ್ಟುಕೊಂಡು ಮಾಡುತ್ತಾರೆ. ನಾಳೆ ಬೆಳಿಗ್ಗೆಯೇ ಸರ್ಜನ್ ಮತ್ತು ಅನಸ್ತೇಶಿಯಾ ಡಾಕ್ಟರ್ ಇಬ್ಬರಿಗೂ ಹೇಳಿ. ಹೃದಯದ ಎಕೋ, ಲಿವರಿನ ಸಿಟಿ, 24 ಗಂಟೆಯ ಮೂತ್ರದ 5-ಎಚ್ಐಎಎ (ಸೆರೊಟೋನಿನ್ ಒಡೆದಾಗ ಬರುವ ವಸ್ತು) ಪರೀಕ್ಷೆ ಮಾಡಿಸಲು ಕೇಳಿ. ಅನುಮಾನ ಗಟ್ಟಿಯಾದರೆ ಡೋಟಾಟೇಟ್ ಪೆಟ್ ಸ್ಕ್ಯಾನ್, ಇಂಥ ಗೆಡ್ಡೆ ಎಲ್ಲೆಲ್ಲಿದೆ ಅಂತ ತೋರಿಸುತ್ತದೆ. ಕಲ್ಲು ನೋವು ಕೊಡುತ್ತಿಲ್ಲ, ಜ್ವರ ಇಲ್ಲ ಅಂದರೆ ಸಾಮಾನ್ಯವಾಗಿ ಕಾಯಬಹುದು.

ಕಾರ್ಕಳ: ನೋವಿಲ್ಲ ಮೇಡಂ, ಜ್ವರವೂ ಇಲ್ಲ. ಬೆಳಿಗ್ಗೆಯೇ ಹೋಗುತ್ತೇನೆ.

ಪುತ್ತೂರು: ಎಲೆ ಕಷಾಯದಿಂದ ನಷ್ಟ ಎಂತ ಮೇಡಂ? ಇಂಗ್ಲಿಷ್ ಮದ್ದಿಗೆ ಸೈಡ್ ಎಫೆಕ್ಟ್ ಇಲ್ವಾ?

ಡಾಕ್ಟರ್: ಲಕ್ಷ್ಮಣಫಲದ ಎಲೆ ಮನುಷ್ಯರಲ್ಲಿ ಕ್ಯಾನ್ಸರ್ ಗುಣ ಮಾಡಿದ್ದಕ್ಕೆ ಪುರಾವೆ ಇಲ್ಲ. ಕೆರಿಬಿಯನ್ನಿನ ಗ್ವಾಡೆಲೂಪ್ ದ್ವೀಪದಲ್ಲಿ ಇದನ್ನು ವರ್ಷಗಟ್ಟಲೆ ಸೇವಿಸಿದವರಲ್ಲಿ ಪಾರ್ಕಿನ್ಸನ್ ಥರದ ಕಾಯಿಲೆಗೂ ಇದಕ್ಕೂ ನಂಟು ಕಂಡಿದೆ. ದೊಡ್ಡ ನಷ್ಟ ಕಳೆದುಹೋಗುವ ತಿಂಗಳುಗಳದ್ದು. ಎಲೆ ಕುಡಿದು ಕಾದು, ಹೊಟ್ಟೆಯಲ್ಲಿ ನೀರು ತುಂಬಿದ ಮೇಲೆ ಬಂದವರನ್ನು ನಾನು ನೋಡಿದ್ದೇನೆ.

ಸುರತ್ಕಲ್: ಪುತ್ತೂರಿನ ಅಣ್ಣ, ಫಾರ್ವರ್ಡ್ ಬೇಡ ಅಂದಿದ್ದಾರಲ್ವಾ ಮಾರಾಯ್ರೆ.

ಪುತ್ತೂರು: ನನ್ನ ಭಾವ ಕುಡಿದು ಸರಿಯಾಗಿದ್ದಾರೆ. ನಿಮಗೆ ಗೊತ್ತುಂಟಾ?

ಸುರತ್ಕಲ್: ಭಾವನಿಗೆ ಆಪರೇಷನ್ ಆಗಿತ್ತಲ್ಲ? ಹೋದ ವರ್ಷ ನೀವೇ ಇಲ್ಲಿ ರಕ್ತ ಬೇಕು ಅಂತ ಹಾಕಿದ್ದಿರಿ.

ಪುತ್ತೂರು: ಆಪರೇಷನ್ ಬೇರೆ, ಗುಣ ಬೇರೆ. ನಮ್ಮ ಮನೆಯ ವಿಷಯ ನಿಮಗೆ ಬೇಡ.

ಕುಂದಾಪುರ: ಇರ್ಫಾನ್ ಖಾನ್‌ಗೆ ಬಂದದ್ದು ಇದೇ. ಲಂಡನ್ನಿಗೆ ಹೋದರೂ ಉಳಿಯಲಿಲ್ಲ.

ಡಾಕ್ಟರ್: ಅವರು 2018ರಲ್ಲಿ ನ್ಯೂರೋಎಂಡೋಕ್ರೈನ್ ಗೆಡ್ಡೆ ಅಂತ ತಾವೇ ತಿಳಿಸಿದ್ದರು, 2020ರಲ್ಲಿ ತೀರಿಕೊಂಡರು. ಇದೇ ಗುಂಪಿನ ಕಾಯಿಲೆ. ಆದರೆ ಯಾವ ಜಾಗ, ಯಾವ ಗ್ರೇಡ್, ಎಷ್ಟು ಹರಡಿದೆ ಅನ್ನುವುದರ ಮೇಲೆ ದಾರಿ ಬೇರೆಯಾಗುತ್ತದೆ. 22ರ ಹುಡುಗನ ತಾಯಿ ಇದನ್ನು ಓದುತ್ತಿದ್ದಾರೆ, ದಯವಿಟ್ಟು ಹೋಲಿಸಬೇಡಿ.

ಕಾಪು: ಈ ಗೆಡ್ಡೆಗೆ ಮಾಡುವ ರಕ್ತ ಪರೀಕ್ಷೆಯಲ್ಲಿ ನನ್ನ ಕ್ರೋಮೋಗ್ರಾನಿನ್ ಎ ಮೂರು ಪಟ್ಟು ಜಾಸ್ತಿ ಬಂದಿದೆ. ನಿದ್ದೆ ಇಲ್ಲ.

ಡಾಕ್ಟರ್: ಗ್ಯಾಸಿಗೆ ಪ್ಯಾಂಟೊಪ್ರಜೋಲ್ ತಗೊಳ್ತೀರಾ?

ಕಾಪು: ನಾಲ್ಕು ವರ್ಷದಿಂದ, ದಿನಾ.

ಡಾಕ್ಟರ್: ಅದರಿಂದಲೇ ಏರಬಹುದು. ನಿಮ್ಮ ಡಾಕ್ಟರನ್ನು ಕೇಳಿ, ಎರಡು ವಾರ ನಿಲ್ಲಿಸಿ ಮತ್ತೆ ಮಾಡಿಸಿ.

ಬ್ರಹ್ಮಾವರ: ಇದು ಕ್ಯಾನ್ಸರಾ ಅಲ್ವಾ?

ಡಾಕ್ಟರ್: ಮೇಲೆ ಬರೆದಿದ್ದೇನೆ.

ಮೂಲ್ಕಿ: ಈ ಕಾಯಿಲೆಗೆ ಕೊಡುವ ತಿಂಗಳ ಆಕ್ಟ್ರಿಯೊಟೈಡ್ ಇಂಜೆಕ್ಷನ್ನಿಗೆ ಎಷ್ಟಾಗುತ್ತದೆ ಮೇಡಂ? ಸರ್ಕಾರಿ ಕಾರ್ಡಿನಲ್ಲಿ ಸಿಗುತ್ತದಾ?

ಪುತ್ತೂರು: ಕಾರ್ಡು, ಇಂಜೆಕ್ಷನ್. ಇದಕ್ಕೇ ಎಲೆ ಬೇಡ ಅನ್ನುವುದು.

ಡಾಕ್ಟರ್: 28 ದಿನಕ್ಕೊಮ್ಮೆ ಕೊಡುವ ಆ ಇಂಜೆಕ್ಷನ್ ಭೇದಿ, ಬಿಸಿ ತಗ್ಗಿಸುತ್ತದೆ, ಗೆಡ್ಡೆಯ ಬೆಳವಣಿಗೆಯನ್ನೂ ನಿಧಾನ ಮಾಡುತ್ತದೆ. ಅದು ಸಿಕ್ಕ ಮೇಲೆ, ಎರಡು ವರ್ಷದಲ್ಲಿ ಮೊದಲ ಸಲ ರಾತ್ರಿ ಪೂರ್ತಿ ಮಲಗಿದವರು ನನ್ನೆದುರು ಕೂತು ಅತ್ತಿದ್ದಾರೆ. ನಾನು ಊಟ ಬಿಟ್ಟು ಬರೆಯುತ್ತಿದ್ದೇನೆ. ಈ ಮಾತು ಇನ್ನೊಮ್ಮೆ ಬಂದರೆ ಹೊರಡುತ್ತೇನೆ.

ಅಡ್ಮಿನ್: ಪುತ್ತೂರಿನವರಿಗೆ ಎರಡು ದಿನ ಮೆಸೇಜ್ ಬಂದ್.

ಬಂಟ್ವಾಳ: ನನ್ನ ಕೂದಲಿನ ಪ್ರಶ್ನೆ?

ಬೈಂದೂರು: ಇದು ಕ್ಯಾನ್ಸರಾ?

ಡಾಕ್ಟರ್: ಮೇಲೆ ಓದಿ.

ಕಾರ್ಕಳ (ಮರುದಿನ): ಮೇಡಂ, ಗುರುವಾರದ ಆಪರೇಷನ್ ಮುಂದೆ ಹಾಕಿದರು. ಎಕೋದಲ್ಲಿ ಬಲಭಾಗದ ಕವಾಟ ಸೋರುತ್ತಿದೆ ಅಂತ ಬಂತು. ಮೂತ್ರದ ಕ್ಯಾನ್ ಕೊಟ್ಟಿದ್ದಾರೆ. ಅಮ್ಮ ಬೆಳಿಗ್ಗೆ ಬನ್ಸ್ ತಿಂದಿದ್ದಾರೆ, ತೊಂದರೆ ಇದೆಯಾ?

ಡಾಕ್ಟರ್: ಇವತ್ತು ಶುರು ಮಾಡಬೇಡಿ. ಬನ್ಸಿನಲ್ಲಿ ಬಾಳೆಹಣ್ಣು ಇದೆ, 5-ಎಚ್ಐಎಎ ಲೆಕ್ಕ ಏರುತ್ತದೆ. ಮೂರು ದಿನ ಬಾಳೆಹಣ್ಣು, ಅನಾನಸ್, ಟೊಮೆಟೊ, ಬದನೆ, ಅಕ್ರೋಟ್, ಬೆಣ್ಣೆಹಣ್ಣು ಬಿಡಿಸಿ. ಅನಾನಸ್ ಮೆಣಸ್ಕಾಯಿ ಬೇಡ, ಮಟ್ಟುಗುಳ್ಳದ ಸಾಂಬಾರೂ ಬೇಡ. ಕೆಮ್ಮಿನ ಸಿರಪ್, ಪ್ಯಾರಾಸಿಟಮಾಲ್ ತಗೊಳ್ಳುತ್ತಿದ್ದರೆ ಲ್ಯಾಬಿನವರಿಗೆ ಹೇಳಿ. ನಾಲ್ಕನೇ ದಿನ ಬೆಳಗಿನ ಮೊದಲ ಮೂತ್ರ ಚೆಲ್ಲಿ, ಆಮೇಲಿನದೆಲ್ಲ ಕ್ಯಾನಿಗೆ, ಮರುದಿನ ಬೆಳಗಿನ ಮೊದಲನೆಯದೂ ಸೇರಿ. ಕ್ಯಾನಿನೊಳಗೆ ಆಸಿಡ್ ಇರಬಹುದು, ಕೈಗೆ ತಾಗಿಸಬೇಡಿ. ಸಂಗ್ರಹ ಮುಗಿಯುವವರೆಗೂ ಇದೇ ಪಥ್ಯ. ಅಮ್ಮನಿಗೆ ಗಂಜಿ, ಮೊಸರು ಕೊಡಿ. ರಿಪೋರ್ಟ್ ಬಂದ ಕೂಡಲೇ ನನಗೆ ನೇರ ಕಳಿಸಿ, ಗುಂಪಿಗೆ ಬೇಡ.

ಮೂಲ್ಕಿ: ಮೇಡಂ, ಕಾರ್ಡಿನ ವಿಷಯ ಹೇಳಲಿಲ್ಲ.