ಪದಚರ್ಚೆ: ‘ಎಸ್‌ಎಂಪಿಎಸ್ ಹೋಗಿದೆ’ ಅಂದರೆ ಏನೇನು?

ಗೆಳೆಯರೇ,

ಕಂಪ್ಯೂಟರ್ ಆನ್ ಆಗದಿದ್ದರೆ ಏನೇನು ನೋಡಬೇಕು ಅಂತ ಕನ್ನಡದಲ್ಲಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಪವರ್ ಸಪ್ಲೈ ಕೆಟ್ಟಾಗ ಏನು ಮಾಡಬೇಕು ಅನ್ನುವ ಅಧ್ಯಾಯದಲ್ಲಿ ಕೆಲವು ಪದಗಳು ಸಿಕ್ಕುತ್ತಿಲ್ಲ. ನಿಮ್ಮ ಸಲಹೆ ಬೇಕು.

ಹೆಸರಿನ ವಿಷಯ ಮೊದಲು ಮುಗಿಸಿಬಿಡುತ್ತೇನೆ. ‘ವಿದ್ಯುತ್ ಸರಬರಾಜು ಘಟಕ’ ನನಗೆ ಬೇಡ. ‘ವಿದ್ಯುತ್ ಸರಬರಾಜು ಕೈಕೊಟ್ಟಿದೆ’ ಎಂದು ಬರೆದರೆ ಓದುವವರು ಬೀದಿಯ ಲೈಟ್ ಕಂಬ ನೋಡುತ್ತಾರೆಯೇ ಹೊರತು ಕಂಪ್ಯೂಟರಿನೊಳಗಿನ ಡಬ್ಬವನ್ನಲ್ಲ. ರಿಪೇರಿ ಮಾಡುವವರೆಲ್ಲ ಎಸ್‌ಎಂಪಿಎಸ್ ಎನ್ನುತ್ತಾರೆ. ಸ್ವಿಚ್ಡ್ ಮೋಡ್ ಪವರ್ ಸಪ್ಲೈ ಎಂಬುದರ ಮೊದಲಕ್ಷರಗಳು ಅವು. ಟಿವಿಯಲ್ಲಿ, ಫೋನ್ ಚಾರ್ಜರಿನಲ್ಲಿ ಇರುವುದೂ ಅದೇ ಜಾತಿಯದು. ಆದರೆ ಬಳಕೆಯಲ್ಲಿ ಆ ಹೆಸರು ಕಂಪ್ಯೂಟರಿನ ತಗಡಿನ ಡಬ್ಬಕ್ಕೇ ಅಂಟಿಕೊಂಡಿದೆ. ಹಾಗೇ ಇರಲಿ.

ತೊಡಕಿರುವುದು ಕ್ರಿಯಾಪದದಲ್ಲಿ. ನಾವು ಎಲ್ಲದಕ್ಕೂ ‘ಹೋಗಿದೆ’ ಎನ್ನುತ್ತೇವೆ. ‘ಕರೆಂಟ್ ಹೋಯ್ತು’ ಅಂದರೆ ಮತ್ತೆ ಬರುತ್ತೆ ಅಂತ ಕಾಯುತ್ತೇವೆ. ‘ಎಸ್‌ಎಂಪಿಎಸ್ ಹೋಯ್ತು’ ಅಂದರೆ ಕಾದು ಪ್ರಯೋಜನವಿಲ್ಲ, ಬೇರೆ ತರಬೇಕು. ಸುಟ್ಟ ವಾಸನೆ ಇಲ್ಲದಿದ್ದರೂ ‘ಸುಟ್ಟುಹೋಗಿದೆ’ ಎನ್ನುವವರೂ ಉಂಟು. ಮಾತಿಗೆ ಇಷ್ಟು ಸಾಕು. ಬರವಣಿಗೆಗೆ ಸಾಲದು, ಯಾಕೆಂದರೆ ‘ಹೋಗುವುದು’ ಮೂರ್ನಾಲ್ಕು ಥರ ಇದೆ.

ಒಂದು, ಪೂರ್ತಿ ಸತ್ತಿರುವುದು. ಪ್ಲಗ್ ಹಾಕಿ ಸ್ವಿಚ್ ಒತ್ತಿದ ಕೂಡಲೇ, ಕಂಪ್ಯೂಟರ್ ಆಫ್ ಇದ್ದರೂ, ಒಂದು 5 ವೋಲ್ಟಿನ ಸಾಲು (ಎಸ್‌ಎಂಪಿಎಸ್‌ನಿಂದ ಹೊರಬರುವ ವೈರು) ಜೀವಂತವಾಗಿರಬೇಕು. ಅದೂ ಇಲ್ಲ ಅಂದರೆ ‘ಹೋಗಿದೆ’ ಅನ್ನುವುದು ಸರಿಯಾದ ಮಾತು. ಇದಕ್ಕೆ ಹೊಸ ಪದ ಬೇಡ. ಆದರೆ ಆ 5 ವೋಲ್ಟಿಗೆ ಏನನ್ನೋಣ? ಸ್ಟ್ಯಾಂಡ್‌ಬೈ ಎಂದೇ ಬರೆದಿದ್ದೇನೆ. ‘ಎಚ್ಚರದ ವೋಲ್ಟೇಜ್’ ಅನ್ನಬಹುದೇನೋ. ಎಚ್ಚರಿಕೆ ಅಂತ ಓದಿಕೊಂಡುಬಿಡುತ್ತಾರೆ ಅಂತ ಅನುಮಾನ.

ಎರಡನೆಯದು ಸ್ವಾರಸ್ಯದ್ದು. ಮದರ್‌ಬೋರ್ಡಿನ ಪುಟ್ಟ ದೀಪ ಉರಿಯುತ್ತಿದೆ. ಬಟನ್ ಒತ್ತಿದರೆ ಫ್ಯಾನ್ ಅರ್ಧ ಸುತ್ತು ತಿರುಗಿ ಗಕ್ಕನೆ ನಿಲ್ಲುತ್ತದೆ. ಇಲ್ಲಿ ಎಸ್‌ಎಂಪಿಎಸ್ ಕೆಟ್ಟಿಲ್ಲದೇ ಇರಬಹುದು. ಬೇರೆಲ್ಲೋ ಶಾರ್ಟ್ ಆಗಿರುವುದು ಗೊತ್ತಾಗಿ ತಾನೇ ಬಂದ್ ಆಗಿರಬಹುದು. ಅಂದರೆ ಅದು ತನ್ನ ಕೆಲಸ ಸರಿಯಾಗಿಯೇ ಮಾಡಿದೆ. ಇದಕ್ಕೆ ರಿಪೇರಿಯವರ ಮಾತು ‘ಪ್ರೊಟೆಕ್ಷನ್‌ಗೆ ಹೋಗಿದೆ’. ಮತ್ತೆ ಅದೇ ‘ಹೋಗಿದೆ’! ಅರ್ಧ ಕೇಳಿಸಿಕೊಂಡವರು ಹೊಸ ಎಸ್‌ಎಂಪಿಎಸ್ ಕೊಂಡು ತಂದುಬಿಡುತ್ತಾರೆ. ಮೀಟರ್ ಬೋರ್ಡಿನ ಸ್ವಿಚ್‌ಗೆ ನಾವು ಹೇಳುವ ‘ಟ್ರಿಪ್ ಆಗಿದೆ’ ಇಲ್ಲಿಗೂ ಹೊಂದುತ್ತದೆ ಅನ್ನಿಸಿತು. ಒಪ್ಪುತ್ತೀರಾ?

ಮೂರನೆಯದಕ್ಕೇ ನಿಮ್ಮ ಸಹಾಯ ಜಾಸ್ತಿ ಬೇಕು. ಸುಮ್ನೆ ಇರುವಾಗ ಮಲ್ಟಿಮೀಟರ್ ಹಿಡಿದರೆ 12 ವೋಲ್ಟ್ ಸರಿಯಾಗಿ ತೋರಿಸುತ್ತದೆ. ಗ್ರಾಫಿಕ್ಸ್ ಕಾರ್ಡ್ ಕರೆಂಟ್ ಎಳೆಯಲು ಶುರು ಮಾಡಿದ ತಕ್ಷಣ 11.4ಕ್ಕಿಂತ ಕೆಳಗೆ ಇಳಿಯುತ್ತದೆ, ಕಂಪ್ಯೂಟರ್ ತಾನಾಗಿ ರೀಸ್ಟಾರ್ಟ್ ಆಗುತ್ತದೆ. (12 ವೋಲ್ಟಿನ ಸಾಲು ಸಾಮಾನ್ಯವಾಗಿ ಶೇಕಡಾ 5ರಷ್ಟು ಮಾತ್ರ ಅತ್ತಿತ್ತ ಆಗಬಹುದು, 11.4ರಿಂದ 12.6ರವರೆಗೆ.) ಕೆಪಾಸಿಟರುಗಳು (ಚಾರ್ಜ್ ಹಿಡಿದಿಟ್ಟುಕೊಳ್ಳುವ ಬಿಡಿಭಾಗಗಳು) ತಲೆ ಉಬ್ಬಿಸಿಕೊಂಡು ಕೂತಿದ್ದರೆ ಹೀಗಾಗುವುದುಂಟು. ‘ಉಬ್ಬಿದೆ’ ಅನ್ನುವುದು ಎಷ್ಟು ಒಳ್ಳೆಯ ಪದ ನೋಡಿ, ಯಾರಿಗೂ ವಿವರಿಸಬೇಕಾಗಿಲ್ಲ. ಆದರೆ ವೋಲ್ಟೇಜ್ ಇಳಿಯುವುದಕ್ಕೆ? ‘ಕುಸಿಯುತ್ತದೆ’ ಅಂದರೆ ಪೂರ್ತಿ ನೆಲ ಕಚ್ಚಿದ ಹಾಗೆ ಕೇಳುತ್ತದೆ. ‘ಡ್ರಾಪ್ ಆಗ್ತಿದೆ’ ಅಂಗಡಿಯ ಮಾತು. ನಾನು ‘ಲೋಡಿಗೆ ಜಗ್ಗುತ್ತದೆ’ ಎಂದು ಬರೆದೆ. ಹಣ್ಣಿನ ಭಾರಕ್ಕೆ ಕೊಂಬೆ ಜಗ್ಗುತ್ತದಲ್ಲ, ಆ ಅರ್ಥದಲ್ಲಿ. ಉತ್ತರ ಕರ್ನಾಟಕದ ಕಡೆ ಜಗ್ಗುವುದು ಅಂದರೆ ಎಳೆಯುವುದು. ಅವರಿಗೆ ಕಾರ್ಡ್ ಕರೆಂಟ್ ‘ಜಗ್ಗುತ್ತದೆ’, ಎಸ್‌ಎಂಪಿಎಸ್ ಅಲ್ಲ. ಆ ಕಡೆಯವರು ಇದನ್ನು ಹೇಗೆ ಓದುತ್ತೀರಿ?

ಇನ್ನೊಂದು, ‘ಶಾರ್ಟ್’. ಎಸ್‌ಎಂಪಿಎಸ್ ಒಂದನ್ನೇ ಹೊರಗಿಟ್ಟು ನೋಡಲು 24 ಪಿನ್ನಿನ ಕನೆಕ್ಟರಿನಲ್ಲಿ ಹಸಿರು ವೈರನ್ನು ಕಪ್ಪು ವೈರಿಗೆ ಸೇರಿಸುತ್ತಾರೆ. ಈಗಿನ ಕೆಲವದರಲ್ಲಿ ಎಲ್ಲ ವೈರೂ ಕಪ್ಪು, ಆಗ 16 ಮತ್ತು 17ನೇ ಪಿನ್ ಅಂತ ಎಣಿಸಿಕೊಳ್ಳಬೇಕು. ಇದಕ್ಕೂ ‘ಶಾರ್ಟ್ ಮಾಡಿ’ ಎನ್ನುವುದೇ ವಾಡಿಕೆ. ಆದರೆ ಕನ್ನಡದಲ್ಲಿ ಶಾರ್ಟ್ ಅಂದರೆ ಕಿಡಿ, ಹೊಗೆ. ಅದಕ್ಕೇ ‘ಮುಟ್ಟಿಸಿ’ ಎಂದು ಬರೆದೆ. ಆಮೇಲೆ ‘ಕೈಯಿಂದ ಮುಟ್ಟಬೇಡಿ’ ಎಂಬ ಸಾಲೂ ಅದೇ ಪುಟದಲ್ಲಿ ಬಂತು. ಈಗ ‘ಜೋಡಿಸಿ’ ಎಂದು ತಿದ್ದುವ ಯೋಚನೆ ಇದೆ. ಅಂದಹಾಗೆ ಹೀಗೆ ಮಾಡಿ ಫ್ಯಾನ್ ತಿರುಗಿದರೆ ಎಸ್‌ಎಂಪಿಎಸ್ ಶುರುವಾಗುತ್ತದೆ ಅಂತ ಮಾತ್ರ ಗೊತ್ತಾಗುತ್ತದೆ, ಚೆನ್ನಾಗಿದೆ ಅಂತಲ್ಲ.

ಕೊನೆಯದು ಪ್ರಾಣದ ವಿಷಯ. ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿಗಿಂತ ಜಾಸ್ತಿ ಉಳಿದಿರಬಹುದು. ಡಬ್ಬ ಬಿಚ್ಚಬೇಡಿ ಅಂತ ಹೇಳುವುದು ಅದಕ್ಕೇ. ಪಠ್ಯಪುಸ್ತಕದ ‘ವಿದ್ಯುದಾವೇಶ’ ಹಾಕಿದರೆ ಕೆಪಾಸಿಟರಿಗೆ ಮೈಮೇಲೆ ಬಂದ ಹಾಗಿರುತ್ತದೆ. ‘ಚಾರ್ಜ್ ಉಳಿದಿರುತ್ತದೆ’ ಅಂದರೆ ಫೋನಿನ ಬ್ಯಾಟರಿ ನೆನಪಾಗಿ ಒಳ್ಳೆಯದೇ ಆಯ್ತು ಅನ್ನಿಸಬಹುದು. ಸದ್ಯಕ್ಕೆ ಬರೆದಿರುವುದು ಇದು: ‘ಪ್ಲಗ್ ಕಿತ್ತಿದ್ದರೂ ಒಳಗೆ ಕರೆಂಟ್ ಇರುತ್ತದೆ, ಹೊಡೆಯುತ್ತದೆ.’ ಭೌತಶಾಸ್ತ್ರದವರು ‘ಅಲ್ಲಿ ಇರುವುದು ಕರೆಂಟ್ ಅಲ್ಲ’ ಅಂತ ತಕರಾರು ತೆಗೆಯುತ್ತಾರೆ, ಗೊತ್ತು. ಅವರೂ ಒಪ್ಪಿ, ಮೊದಲ ಸಲ ಸ್ಕ್ರೂಡ್ರೈವರ್ ಹಿಡಿದವರೂ ಹೆದರುವಂಥ ಒಂದು ಸಾಲು ಯಾರಾದರೂ ಬರೆದುಕೊಡುತ್ತೀರಾ?