ಕಂಪ್ರೆಸರ್ 2000ದ ಮೇಲೆ ಹತ್ತುತ್ತಲೇ ಇಲ್ಲ, ತಲೆ ಕೆಟ್ಟಿದೆ

ಮಲೆನಾಡ್_ಪೆಲೆಟ್ (ಶನಿವಾರ, ರಾತ್ರಿ 10:40)
ಎಲ್ಲರಿಗೂ ನಮಸ್ಕಾರ. ಮಗಳ ಏರ್ ರೈಫಲಿಗೆ ಗಾಳಿ ತುಂಬಲು ಮೂರು ವಾರದ ಹಿಂದೆ ಆನ್‌ಲೈನಲ್ಲಿ ಹೈ ಪ್ರೆಶರ್ ಕಂಪ್ರೆಸರ್ ತರಿಸಿದೆ. ಬಕೆಟ್ ನೀರಲ್ಲಿ ಪಂಪ್ ಮುಳುಗಿಸಿ ತಂಪು ಮಾಡುತ್ತಾರಲ್ಲ, ಅದೇ 1800 ವ್ಯಾಟಿನ ಚೈನಾ ಮಾಲು. ಮೊದಲ ಎರಡು ಸಲ ಚೆನ್ನಾಗಿ ತುಂಬಿತು. ಈಗ 2000 ಮುಟ್ಟಿ ಅಲ್ಲೇ ಕೂರುತ್ತದೆ. ಹತ್ತು ನಿಮಿಷ ಓಡಿಸಿದರೂ ಮೀಟರಿನ ಮುಳ್ಳು ಅಲುಗುವುದಿಲ್ಲ. ಪಂಪಿನ ಹೆಡ್ ಮಾತ್ರ ಕೈ ಇಡಲಾಗದಷ್ಟು ಕಾಯುತ್ತದೆ. ಮಾರಿದವರು "ವಿಡಿಯೋ ಕಳಿಸಿ" ಅಂದರು. ಕಳಿಸಿದೆ. ಎರಡು ನೀಲಿ ಟಿಕ್ ಬಿತ್ತು, ಉತ್ತರ ಇಲ್ಲ. ಮುಂದಿನ ಭಾನುವಾರ ಮಗಳ ಶೂಟಿಂಗ್ ಮ್ಯಾಚ್ ಇದೆ. ಇಷ್ಟು ದುಡ್ಡು ಸುರಿದು ಮತ್ತೆ ಶಿವಮೊಗ್ಗಕ್ಕೆ ಗಾಳಿ ತುಂಬಿಸಲು ಹೋಗಬೇಕಾ? ಏನು ಬಿಚ್ಚಲಿ ಹೇಳಿ, ಬಿಚ್ಚುತ್ತೇನೆ.

ಡಿಸ್ಕ್_ಬಸು_ಧಾರವಾಡ
ಏನೂ ಬಿಚ್ಚಬೇಡ್ರಿ. ಬರ್ಸ್ಟ್ ಡಿಸ್ಕ್, ಒತ್ತಡ ಮಿತಿ ಮೀರಿದರೆ ಒಡೆದು ಗಾಳಿ ಹೊರಬಿಡುವ ತೆಳು ಬಿಲ್ಲೆ. ಕಣ್ಣು ಮುಚ್ಚಿ ಹೇಳುತ್ತೇನೆ. 2000 ಅಂದರೆ ಪಿಎಸ್ಐ ತಾನೆ? ಒತ್ತಡದ ಇನ್ನೊಂದು ಅಳತೆಯಲ್ಲಿ ಹೇಳಿದರೆ 138 ಬಾರ್. ಡಿಸ್ಕಿನಲ್ಲಿ ಸೂಜಿ ಮೊನೆಯಷ್ಟು ತೂತು ಬಿದ್ದರೆ ಹಿಂಗೇ ಆಗುತ್ತದೆ. ನನ್ನದೂ ಆಗಿತ್ತು, ನಮ್ಮ ಗೆಳೆಯರದೂ ಆಗಿತ್ತು.

ಹತ್ತು_ಮೀಟರ್
ಏನನ್ನು ತುಂಬಿಸುತ್ತಿದ್ದೀರಿ? ರೈಫಲಿನ ಸಿಲಿಂಡರೋ, ದೊಡ್ಡದೋ? ಅದರ ಮೇಲೆ ತಯಾರಾದ ತಾರೀಖು, ಟೆಸ್ಟ್ ತಾರೀಖು ಏನಿದೆ?

ಮಲೆನಾಡ್_ಪೆಲೆಟ್
ಬಸು ಅಣ್ಣ, ಪಿಎಸ್ಐಯೇ. ಡಬ್ಬದಲ್ಲಿ ಎರಡು ಡಿಸ್ಕ್ ಎಕ್ಸ್‌ಟ್ರಾ ಕೊಟ್ಟಿದ್ದರು. ಬೆಳಿಗ್ಗೆ ಎದ್ದ ತಕ್ಷಣ ಹಾಕುತ್ತೇನೆ. ತುಂಬಾ ಥ್ಯಾಂಕ್ಸ್.

ಕಡಲತೀರ_177
ಮಾರಾಯ್ರೆ, ಇದಕ್ಕೇ ನಾನು ಕಂಪ್ರೆಸರ್ ಸಹವಾಸಕ್ಕೆ ಹೋಗಲಿಲ್ಲ. ನಮ್ಮದು ಭಟ್ಕಳದ ಕಡೆ. ಮುರುಡೇಶ್ವರದಲ್ಲಿ ನೇತ್ರಾಣಿ ದ್ವೀಪಕ್ಕೆ ಡೈವಿಂಗ್ ಕರೆದೊಯ್ಯುವವರ ಹತ್ತಿರ 12 ಲೀಟರ್ ಸ್ಕೂಬಾ ಸಿಲಿಂಡರ್ 200 ಬಾರಿಗೆ ತುಂಬಿಸಿಕೊಳ್ಳುತ್ತೇನೆ. ಮನೆಯಲ್ಲಿ ಸದ್ದಿಲ್ಲ, ಎಣ್ಣೆ ಇಲ್ಲ, ಬಕೆಟ್ ಇಲ್ಲ.

ಡಿಸ್ಕ್_ಬಸು_ಧಾರವಾಡ
ಮಳೆಗಾಲದಾಗ ಡೈವಿಂಗ್ ಬಂದ್ ಇರುತ್ತದಲ್ಲ, ಆಗ ಬಾಯಿಂದ ಊದುತ್ತೀರೇನು?

ಕಡಲತೀರ_177
ಆಗ ಹ್ಯಾಂಡ್ ಪಂಪ್. ತೋಳಿಗೂ ಒಳ್ಳೆಯದು. ಕಾಲು ಲೀಟರ್ ಸಿಲಿಂಡರ್ 100ರಿಂದ 200ಕ್ಕೆ ಏರಿಸಲು ನೂರಕ್ಕೂ ಜಾಸ್ತಿ ಸಲ ಒತ್ತಬೇಕು. ನಡುವೆ ಬಿಟ್ಟು ಬಿಟ್ಟು ಒತ್ತಿದರೆ ಪಂಪ್ ಕಾಯುವುದಿಲ್ಲ.

ಹೊಸಬ_ಮೈಸೂರು
ಸ್ಕೂಬಾ ಸಿಲಿಂಡರಿಂದ ಎಷ್ಟು ಸಲ ತುಂಬಿಸಬಹುದು ಸರ್? ಇನ್ನೊಂದು ಡೌಟ್, ಪಂಕ್ಚರ್ ಅಂಗಡಿ ಕಂಪ್ರೆಸರ್ ಆಗಲ್ವಾ?

ಕಡಲತೀರ_177
ಪಂಕ್ಚರ್ ಅಂಗಡಿಯದು 8-10 ಬಾರ್. ನಮಗೆ ಬೇಕಾದದ್ದು 200. ಅದರಲ್ಲಿ ಸೈಕಲ್ ತುಂಬಿಸಿ.
ಸ್ಕೂಬಾ ಲೆಕ್ಕ ಹೀಗೆ. 12 ಲೀಟರಿನ 200 ಬಾರಿನಿಂದ ಕಾಲು ಲೀಟರ್ ಸಿಲಿಂಡರನ್ನು ಪ್ರತಿ ಸಲ 100ರಿಂದ ತುಂಬಿಸಿದರೆ, ಮೊದಲ ಸಲ 198 ಸಿಗುತ್ತದೆ. ಹತ್ತನೇ ಸಲಕ್ಕೆ 180ರ ಆಸುಪಾಸು, ಇಪ್ಪತ್ತನೇ ಸಲಕ್ಕೆ 166. ರೈಫಲಿನಲ್ಲಿ ಒತ್ತಡವನ್ನು ಒಂದೇ ಸಮ ಇಡುವ ರೆಗ್ಯುಲೇಟರ್ ಇರುವುದರಿಂದ ಪೆಲೆಟ್ (ಗುಂಡು) ವೇಗ ಬದಲಾಗುವುದಿಲ್ಲ. ಸಿಗುವ ಶಾಟ್ ಕಡಿಮೆ ಆಗುತ್ತದೆ, ಅಷ್ಟೇ.

ಮಲೆನಾಡ್_ಪೆಲೆಟ್ (ಭಾನುವಾರ, ಬೆಳಿಗ್ಗೆ 9:15)
ಡಿಸ್ಕ್ ಬದಲಿಸಿದೆ. ಅದೇ ಕಥೆ. 2000, ಅಲ್ಲಿಗೆ ನಿಂತಿತು. ಹಳೆ ಡಿಸ್ಕನ್ನು ಬೆಳಕಿಗೆ ಹಿಡಿದು ನೋಡಿದೆ, ತೂತು ಇಲ್ಲ.

ಡಿಸ್ಕ್_ಬಸು_ಧಾರವಾಡ
ಕಣ್ಣಿಗೆ ಕಾಣುವ ತೂತು ಆಗಿರುವುದಿಲ್ಲರಿ. ಹೊಸದನ್ನು ಸರಿಯಾಗಿ ಕೂರಿಸಿದಿರೇನು? ವಾರೆ ಕೂತರೂ ಸೋರುತ್ತದೆ. ಇನ್ನೊಂದು ಡಿಸ್ಕ್ ಹಾಕಿ ನೋಡ್ರಿ.

ರಿವೈಂಡಿಂಗ್_ಹಾವೇರಿ
ಅಣ್ಣ, ಡಿಸ್ಕ್ ಬಿಡಿ. ಅದು ಹೋದರೆ ಪಟಾಕಿ ಹೊಡೆದ ಹಾಗೆ ಸದ್ದು ಬರುತ್ತದೆ, ಓಣಿಗೆಲ್ಲಾ ಗೊತ್ತಾಗುತ್ತದೆ. ನಾನು ಮೋಟರ್ ಸುತ್ತುವವನು. ಕಂಪ್ರೆಸರ್ ಎಲ್ಲಿಟ್ಟಿದ್ದೀರಿ, ಯಾವ ಪ್ಲಗ್ಗಿಗೆ ಹಾಕಿದ್ದೀರಿ, ಮೊದಲು ಅದು ಹೇಳಿ. 1800 ವ್ಯಾಟ್ ಅಂದರೆ 8 ಆಂಪ್. 5 ಆಂಪ್ ಪ್ಲಗ್ ಕೆಲಸ ಅಲ್ಲ ಅದು.

ಮಲೆನಾಡ್_ಪೆಲೆಟ್
ಟೆರೇಸಿನ ಮೇಲೆ ಶೀಟ್ ಕೆಳಗೆ ಇಟ್ಟಿದ್ದೇನೆ. ಕೆಳಗೆ ಇಟ್ಟರೆ ಸದ್ದಿಗೆ ಅಮ್ಮ ಬೈತಾರೆ. ಮೊದಲೆರಡು ಸಲ ಹಾಲಿನಲ್ಲೇ ಓಡಿಸಿದ್ದೆ. ಈಗ ಎಕ್ಸ್‌ಟೆನ್ಷನ್ ಎಳೆದಿದ್ದೇನೆ, 25 ಮೀಟರ್ ಇರಬಹುದು. ಗಣಪತಿ ಪೆಂಡಾಲಿಗೆ ಸೀರಿಯಲ್ ಸೆಟ್ ಹಾಕಲು ತಂದ ವೈರು.

ರಿವೈಂಡಿಂಗ್_ಹಾವೇರಿ
ಇದನ್ನು ಮೊದಲ ಸಾಲಿನಲ್ಲೇ ಹೇಳಬೇಕಿತ್ತಲ್ಲ! ಸೀರಿಯಲ್ ಸೆಟ್ ವೈರಿನಲ್ಲಿ ಎರಡು ಹಾರ್ಸ್‌ಪವರ್ ಮೋಟರ್ ಎಳೆಯುತ್ತಿದ್ದೀರಿ. ಮಲ್ಟಿಮೀಟರ್ ಇದ್ದರೆ ಮೋಟರ್ ಓಡುವಾಗ ಅದರ ತುದಿಯಲ್ಲಿ ವೋಲ್ಟೇಜ್ ನೋಡಿ. ಆಮೇಲೆ ವೈರ್ ಮುಟ್ಟಿ ನೋಡಿ, ಬಿಸಿ ಇರುತ್ತದೆ.

ಮಲೆನಾಡ್_ಪೆಲೆಟ್ (ಭಾನುವಾರ, ಮಧ್ಯಾಹ್ನ 12:50)
ಖಾಲಿ ಇದ್ದಾಗ 225. ಓಡುವಾಗ 181. ವೈರ್ ಸುತ್ತಿ ಇಟ್ಟಿದ್ದ ಕಡೆ ದೋಸೆ ಹುಯ್ಯಬಹುದು. ಅಮ್ಮನನ್ನು ಒಪ್ಪಿಸಿ ಅಡುಗೆಮನೆಯ ಪವರ್ ಪ್ಲಗ್ಗಿಗೆ ನೇರವಾಗಿ ಹಾಕಿದೆ. ಈಗ 2400ವರೆಗೆ ಬಂತು. ಅಲ್ಲಿ ಮತ್ತೆ ನಿಂತಿತು.

ರಿವೈಂಡಿಂಗ್_ಹಾವೇರಿ
ಅರ್ಧ ಕೆಲಸ ಆಯಿತು. ಉಳಿದದ್ದು ಮೋಟರಿನದಲ್ಲ.

ಡಿಸ್ಕ್_ಬಸು_ಧಾರವಾಡ
ಉಳಿದದ್ದು ಡಿಸ್ಕು.

ಹತ್ತು_ಮೀಟರ್
ನನ್ನ ಪ್ರಶ್ನೆ ಹಾಗೇ ಉಳಿದಿದೆ. ಯಾವ ಸಿಲಿಂಡರ್, ತಾರೀಖು ಏನು?

ಮಲೆನಾಡ್_ಪೆಲೆಟ್
ಸಾರಿ ಮೇಡಂ, ಗಮನಿಸಲಿಲ್ಲ. 6.8 ಲೀಟರಿನ ಕಾರ್ಬನ್ ಫೈಬರ್ ಸಿಲಿಂಡರ್, 300 ಬಾರಿನದು. ಅದರಲ್ಲಿ 200 ತುಂಬಿಸಿಟ್ಟುಕೊಂಡು, ಅದರಿಂದ ರೈಫಲಿಗೆ ಹಾಕುವ ಯೋಚನೆ. ಸೆಕೆಂಡ್ ಹ್ಯಾಂಡ್, ಆದರೆ ಕಂಡಿಷನ್ ಹೊಸದರ ಹಾಗಿದೆ. ಯಾರೋ ಫೈರ್ ಸರ್ವಿಸಿನಲ್ಲಿ ಬಳಸಿದ್ದಂತೆ. ಗಾಳಿ ಸೋರದಿರಲಿ ಅಂತ ಓ-ರಿಂಗುಗಳಿಗೆಲ್ಲಾ (ಜೋಡಣೆಯ ರಬ್ಬರ್ ಬಳೆಗಳು) ಹೊಲಿಗೆ ಮಷೀನ್ ಎಣ್ಣೆ ಹಚ್ಚಿದ್ದೇನೆ.

ಹತ್ತು_ಮೀಟರ್
ನಿಲ್ಲಿಸಿ. ಇವತ್ತು ಇನ್ನು ಆನ್ ಮಾಡಬೇಡಿ. ಹೊಲಿಗೆ ಮಷೀನ್ ಎಣ್ಣೆ ಪೆಟ್ರೋಲಿಯಂ ಎಣ್ಣೆ. ಗಾಳಿಯನ್ನು ಇಷ್ಟು ಜೋರಾಗಿ ಒತ್ತಿದಾಗ ಕಾವು ಹುಟ್ಟಿ ಎಣ್ಣೆಯ ಆವಿ ಹೊತ್ತಿಕೊಳ್ಳಬಹುದು. ಡೀಸಲ್ ಎಂಜಿನ್ ನಡೆಯುವುದೇ ಹಾಗೆ, ಅಲ್ಲಿ ಸ್ಪಾರ್ಕ್ ಪ್ಲಗ್ ಇರುವುದಿಲ್ಲ. ಹೋಸು, ಫಿಟ್ಟಿಂಗು, ಸಿಲಿಂಡರ್ ವಾಲ್ವು ಎಲ್ಲವನ್ನೂ ಒರೆಸಿ. ಓ-ರಿಂಗ್ ಬದಲಿಸಿ, ಅಕ್ಕಿ ಕಾಳಿನಷ್ಟು ಸಿಲಿಕೋನ್ ಗ್ರೀಸ್ ಸಾಕು. ಕ್ರ್ಯಾಂಕ್‌ಕೇಸಿಗೆ, ಅಂದರೆ ಪಂಪ್ ತಿರುಗುವ ಭಾಗದ ಪೆಟ್ಟಿಗೆಗೆ, ಹಾಕುವ ಎಣ್ಣೆ ಬೇರೆ, ಅದನ್ನೂ ಇದನ್ನೂ ಕಲೆಸಿಕೊಳ್ಳಬೇಡಿ.

ಹೊಸಬ_ಮೈಸೂರು
ಹಾಗಾದರೆ ವೆಲ್ಡಿಂಗ್ ಅಂಗಡಿಯ ಆಕ್ಸಿಜನ್ ಸಿಲಿಂಡರಿಂದ ತುಂಬಿಸಿದರೆ? ಅದರಲ್ಲಿ ಎಣ್ಣೆ ಇರಲ್ಲ.

ಹತ್ತು_ಮೀಟರ್
ಕನಸಿನಲ್ಲೂ ಬೇಡ. ರೈಫಲ್ ಒಳಗೆ ಚೂರು ಗ್ರೀಸ್ ಇದ್ದರೂ ಆಕ್ಸಿಜನ್ ಅದನ್ನು ಬಾಂಬ್ ಮಾಡುತ್ತದೆ.

ಡಿಸ್ಕ್_ಬಸು_ಧಾರವಾಡ
ಮೇಡಂ, ಎಲ್ಲದಕ್ಕೂ ಹೆದರಿಸಿದರೆ ಹವ್ಯಾಸ ಮಾಡುವುದು ಯಾವಾಗ? ನಾನು ಮೂರು ವರ್ಷದಿಂದ ಹೊಲಿಗೆ ಎಣ್ಣೆಯನ್ನೇ ಹಾಕುತ್ತಿದ್ದೇನೆ.

ರಿವೈಂಡಿಂಗ್_ಹಾವೇರಿ
ನಿಮ್ಮ ಡಿಸ್ಕ್ ಯಾಕೆ ಪದೇ ಪದೇ ಹೋಗುತ್ತದೆ ಅಂತ ಈಗ ಗೊತ್ತಾಯಿತು.

(ಇಲ್ಲಿ ಎಂಟು ಪೋಸ್ಟ್ ಜಗಳ. ಬಸು ಅವರ ವರ್ಕ್‌ಶಾಪ್ ಫೋಟೋ ನಾಲ್ಕು, ಏರ್‌ಗನ್ನಿಗೆ ಲೈಸೆನ್ಸ್ ಬೇಕೇ ಅನ್ನುವುದು ಎರಡು. ಲೈಸೆನ್ಸ್ ವಿಷಯ ಬೇರೆ ಥ್ರೆಡ್ಡಿಗೆ ಸಾಗಿಸಿದ್ದೇನೆ. ನಳಿಗೆಯ 4.5 ಮಿ.ಮೀ. ಮತ್ತು ಗುಂಡಿನ ಶಕ್ತಿಯ 20 ಜೂಲ್ ಮಿತಿಯ ಬಗ್ಗೆ ಅಲ್ಲೇ ಮಾತಾಡಿ. - ಮಾಡರೇಟರ್)

ಮಲೆನಾಡ್_ಪೆಲೆಟ್ (ಮಂಗಳವಾರ, ರಾತ್ರಿ 8:20)
ಎಲ್ಲಾ ಒರೆಸಿ, ಓ-ರಿಂಗ್ ಬದಲಿಸಿದೆ. ಇನ್ನೂ 2400. ಅಳು ಬರುತ್ತಿದೆ.

ಕಡಲತೀರ_177
ನೀರು ಎಷ್ಟು ಹೊತ್ತಿಗೊಮ್ಮೆ ಬಿಡುತ್ತೀರಿ?

ಮಲೆನಾಡ್_ಪೆಲೆಟ್
ಬಕೆಟಿಂದು ಪ್ರತಿ ಸಲ ಬದಲಿಸುತ್ತೇನೆ.

ಕಡಲತೀರ_177
ಬಕೆಟಿಂದಲ್ಲ ಮಾರಾಯ್ರೆ, ಡ್ರೈನ್ ಸ್ಕ್ರೂ. ಫಿಲ್ಟರ್ ಕೆಳಗಿನದು.

ಮಲೆನಾಡ್_ಪೆಲೆಟ್
ಅದನ್ನು ಮುಟ್ಟಬೇಡಿ ಅಂತ ಮಾರಿದವರು ಹೇಳಿದ್ದರು. ಒಂದು ಸಲವೂ ಬಿಚ್ಚಿಲ್ಲ.

ಹತ್ತು_ಮೀಟರ್
ನೀವಿರುವುದು ಎಲ್ಲಿ? ಹೆಸರು ನೋಡಿ ಕೇಳುತ್ತಿದ್ದೇನೆ.

ಮಲೆನಾಡ್_ಪೆಲೆಟ್
ಸಾಗರದ ಹತ್ತಿರ. ಎರಡು ವಾರದಿಂದ ಮಳೆ ಬಿಟ್ಟಿಲ್ಲ. ಟೆರೇಸಿನಲ್ಲಿ ಒಗೆದ ಬಟ್ಟೆ ನಾಲ್ಕು ದಿನವಾದರೂ ಒಣಗುವುದಿಲ್ಲ.

ಹತ್ತು_ಮೀಟರ್
ಬಟ್ಟೆ ಒಣಗದ ಆ ಗಾಳಿಯನ್ನೇ ನಿಮ್ಮ ಮೆಷೀನ್ ಹಿಂಡುತ್ತಿದೆ. ಲೆಕ್ಕ ಹಾಕಿ. 6.8 ಲೀಟರ್ ಸಿಲಿಂಡರನ್ನು 200 ಬಾರಿಗೆ ತುಂಬಿಸಲು 1360 ಲೀಟರ್ ಗಾಳಿ ಬೇಕು. ಮಳೆಗಾಲದ 25 ಡಿಗ್ರಿಯ ಗಾಳಿಯಲ್ಲಿ ಪ್ರತಿ ಸಾವಿರ ಲೀಟರಿಗೆ ಸುಮಾರು 20 ಗ್ರಾಂ ನೀರಿರುತ್ತದೆ. ಅಂದರೆ ಒಂದು ಸಲ ತುಂಬಿಸಿದರೆ ಸುಮಾರು ಎರಡು ದೊಡ್ಡ ಚಮಚ ನೀರು. ಐದು ನಿಮಿಷಕ್ಕೊಮ್ಮೆ ಡ್ರೈನ್ ಮಾಡದಿದ್ದರೆ ಆ ನೀರು ಎಲ್ಲಿಗೆ ಹೋಗಬೇಕು? ಎಣ್ಣೆಯ ಜೊತೆ ಕಲೆತು, ಗಾಳಿಯನ್ನು ಒಂದೇ ಕಡೆಗೆ ಬಿಡುವ ಹೈ ಪ್ರೆಶರ್ ಚೆಕ್ ವಾಲ್ವಿನಲ್ಲಿ ಕೂರುತ್ತದೆ. ವಾಲ್ವ್ ಪೂರ್ತಿ ಮುಚ್ಚದಿದ್ದರೆ ಒತ್ತಿದ ಗಾಳಿ ವಾಪಸ್ ಪಿಸ್ಟನ್ ಮೇಲೆ ಬರುತ್ತದೆ. ಮೆಷೀನ್ ಅದೇ ಗಾಳಿಯನ್ನು ಮತ್ತೆ ಮತ್ತೆ ಒತ್ತುತ್ತದೆ. ಹೆಡ್ ಕಾಯುತ್ತದೆ, ಮುಳ್ಳು ಏರುವುದಿಲ್ಲ.
ಮೋಟರ್ ನಿಲ್ಲಿಸಿ, ಸ್ಕ್ರೂ ನಿಧಾನವಾಗಿ ತಿರುಗಿಸಿ. ಮುಖ ದೂರ ಇರಲಿ.

ಮಲೆನಾಡ್_ಪೆಲೆಟ್ (ಮಂಗಳವಾರ, ರಾತ್ರಿ 10:05)
ಕೆಳಗೆ ಸ್ಟೀಲ್ ಲೋಟ ಇಟ್ಟು ತಿರುಗಿಸಿದೆ. ಮೊದಲು ಬಂದದ್ದು ಗಾಳಿ ಅಲ್ಲ, ಮಜ್ಜಿಗೆ. ನಿಜವಾಗಿ ಮಜ್ಜಿಗೆ ಬಣ್ಣ, ಮೇಲೆ ಎಣ್ಣೆ ಕಣ್ಣು ತೇಲುತ್ತಿತ್ತು. ಲೋಟ ಮುಕ್ಕಾಲು ತುಂಬಿತು. ಆಮೇಲೆ ಒತ್ತಡ ಪೂರ್ತಿ ಸೊನ್ನೆ ಮಾಡಿ ಚೆಕ್ ವಾಲ್ವ್ ಬಿಚ್ಚಿದೆ. ಸೀಟಿನ ಮೇಲೆ ಕಂದು ಪದರ ಕಟ್ಟಿತ್ತು, ಟೀ ಪಾತ್ರೆಯ ತಳದಲ್ಲಿ ಕಟ್ಟುತ್ತದಲ್ಲ, ಹಾಗೆ. ಬಟ್ಟೆಯಲ್ಲಿ ಉಜ್ಜಿ ಹಾಕಿದೆ. ಫಿಲ್ಟರಿನ ಹತ್ತಿಯನ್ನೂ ಬದಲಿಸಿದೆ. ಈಗ ನೋಡಿ, 2900, ಅಂದರೆ 200 ಬಾರ್! ನಡುವೆ ಮೂರು ಸಲ ಡ್ರೈನ್ ಮಾಡಿದೆ. ಮೇಡಂ, ಮಾರಾಯ್ರೆ, ರಿವೈಂಡಿಂಗ್ ಅಣ್ಣ, ಎಲ್ಲರಿಗೂ ಕೈ ಮುಗಿದೆ. ಆ ಲೋಟ ಅಮ್ಮನಿಗೆ ಗೊತ್ತಾಗುವ ಮೊದಲು ಎಸೆಯಬೇಕು.

ಡಿಸ್ಕ್_ಬಸು_ಧಾರವಾಡ
ಬೆಳಿಗ್ಗೆ ಎಷ್ಟಿರುತ್ತದೆ ನೋಡ್ರಿ. ಇಳಿದಿದ್ದರೆ ಡಿಸ್ಕ್ ಸೋರುತ್ತಿದೆ ಅಂತಲೇ ಅರ್ಥ.

ಹತ್ತು_ಮೀಟರ್
ಇಳಿದೇ ಇಳಿಯುತ್ತದೆ. 60 ಡಿಗ್ರಿಗೆ ಕಾದ ಗಾಳಿ 27ಕ್ಕೆ ತಣಿದರೆ 200 ಬಾರ್ 180 ಆಗುತ್ತದೆ. ಅದು ಸೋರಿಕೆ ಅಲ್ಲ. ಅನುಮಾನ ಇದ್ದರೆ ಸೋಪ್ ನೀರು ಹಚ್ಚಿ ನೋಡಿ.
ಈಗಲಾದರೂ ತಾರೀಖು ಹೇಳುತ್ತೀರಾ?

ಮಲೆನಾಡ್_ಪೆಲೆಟ್
ಟಾರ್ಚ್ ಹಿಡಿದು ಓದಿದೆ. ಲೇಬಲ್ ಸ್ವಲ್ಪ ಕಿತ್ತಿದೆ. ತಯಾರಿ 2008. ಪಕ್ಕದಲ್ಲಿ 2013 ಅಂತ ಒಂದು ಸ್ಟಿಕ್ಕರ್. ಬೇರೆ ಏನೂ ಇಲ್ಲ.

ಹತ್ತು_ಮೀಟರ್
ಇದಕ್ಕೇ ಮೊದಲ ದಿನದಿಂದ ಕೇಳುತ್ತಿದ್ದೆ. ಕಾರ್ಬನ್ ಸಿಲಿಂಡರಿಗೆ ಸಾಮಾನ್ಯವಾಗಿ 15 ವರ್ಷ ಆಯಸ್ಸು. ನಡುವೆ 5 ವರ್ಷಕ್ಕೊಮ್ಮೆ ಹೈಡ್ರೋಟೆಸ್ಟ್ (ನೀರು ತುಂಬಿ ಒತ್ತಡ ತಾಳುತ್ತದಾ ಅಂತ ನೋಡುವುದು) ಆಗಬೇಕು. ನಿಮ್ಮದು ಎರಡೂ ದಾಟಿದೆ. ಹೊರಗೆ ಎಷ್ಟೇ ಹೊಳೆಯಲಿ, ಅದನ್ನು ಮತ್ತೆ ತುಂಬಿಸಬೇಡಿ. ಅಷ್ಟು ನೀರು ಒಳಗೂ ಹೋಗಿರುತ್ತದೆ.

ಮಲೆನಾಡ್_ಪೆಲೆಟ್
ಈಗ ಅದರಲ್ಲಿ 200 ಬಾರ್ ಇದೆ. ಹಾಲಿನಲ್ಲಿ, ಟಿವಿ ಪಕ್ಕದಲ್ಲಿ.

ಹತ್ತು_ಮೀಟರ್
ಗಾಬರಿ ಬೇಡ. ಬೀಳಿಸದೆ, ಎಲ್ಲಿಗೂ ತಗುಲಿಸದೆ ಹೊರಗೆ ಒಯ್ಯಿರಿ. ಗೋಡೆಗೆ ಆನಿಸಿ ಕಟ್ಟಿ. ವಾಲ್ವ್ ಕೂದಲೆಳೆಯಷ್ಟೇ ತೆರೆಯಿರಿ. ಬಾಯಿಯ ಎದುರು ಯಾರೂ ನಿಲ್ಲಬಾರದು. ಆತುರ ಮಾಡಬೇಡಿ, ಖಾಲಿಯಾಗಲು ಹೊತ್ತು ಹಿಡಿಯುತ್ತದೆ. ಭಾನುವಾರದ ಮ್ಯಾಚಿಗೆ ರೈಫಲಿನ ಸಿಲಿಂಡರನ್ನೇ ನೇರವಾಗಿ ಕಂಪ್ರೆಸರಿಗೆ ಹಾಕಿ. ನಡುವೆ ಒಳ್ಳೆಯ ಫಿಲ್ಟರ್ ಇರಲಿ, ಕೈ ಸ್ವಿಚ್ಚಿನ ಮೇಲೇ ಇರಲಿ. ಕಾಲು ಲೀಟರ್ ಕಣ್ಣು ಮಿಟುಕಿಸುವಷ್ಟರಲ್ಲಿ ತುಂಬುತ್ತದೆ, 200 ದಾಟಿಸಬೇಡಿ. ಆ ಸಿಲಿಂಡರಿನ ತಾರೀಖೂ ನೋಡಿಕೊಳ್ಳಿ. ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟದ (ಐಎಸ್‌ಎಸ್‌ಎಫ್) ನಿಯಮದಲ್ಲಿ ಗರಿಷ್ಠ 10 ವರ್ಷ. ಅದನ್ನು ನೋಡಿಕೊಳ್ಳುವ ಹೊಣೆ ಶೂಟರಿನದೇ.

ಮಲೆನಾಡ್_ಪೆಲೆಟ್ (ಮಂಗಳವಾರ, ರಾತ್ರಿ 11:50)
ಕೊಟ್ಟಿಗೆ ಹಿಂದೆ ಕಟ್ಟಿ ಬಿಟ್ಟಿದ್ದೇನೆ. ವಾಲ್ವ್ ಮೇಲೆ ಬಿಳಿ ಮಂಜು ಕಟ್ಟಿದೆ. ಸುಂಯ್ ಅಂತ ಒಂದೇ ಸಮ ಸದ್ದು, ಮಳೆಯಲ್ಲೂ ಕೇಳುತ್ತದೆ. ನಾಯಿ ಮಂಚದ ಕೆಳಗೆ ಸೇರಿದೆ. ಮಗಳ ರೈಫಲಿನ ಸಿಲಿಂಡರ್ 2019ರದು, ಬಚಾವ್. ಕೊಡೆ ಹಿಡಿದು ಕೂತಿದ್ದೇನೆ, ಇನ್ನೂ 90 ಬಾರ್ ಇದೆ.

ಹೊಸಬ_ಮೈಸೂರು
ಇಷ್ಟೆಲ್ಲಾ ಓದಿದೆ. ಹಾಗಾದರೆ ನಾನು ಯಾವ ಕಂಪ್ರೆಸರ್ ತಗೊಳ್ಳಲಿ?

ಡಿಸ್ಕ್_ಬಸು_ಧಾರವಾಡ
ಯಾವುದಾದರೂ ತಗೊಳ್ರಿ. ಡಿಸ್ಕ್ ಮಾತ್ರ ಐದು ಎಕ್ಸ್‌ಟ್ರಾ ತರಿಸಿರಿ.