ಹೋದ ವಾರ ಎಳೆಸಿದ ಸೆಪ್ಟಿಕ್ ಟ್ಯಾಂಕ್ ಮತ್ತೆ ತುಂಬಿದೆ, ಏನು ಮಾಡಲಿ?

ರಾಮೋಹಳ್ಳಿ_ರಸ್ತೆ:
ನಮಸ್ಕಾರ. ಕೆಂಗೇರಿ ದಾಟಿದ ಮೇಲೆ ಒಂದು ರೆವಿನ್ಯೂ ಲೇಔಟ್‌ನಲ್ಲಿ ನಮ್ಮ ಮನೆ. 30x40 ಸೈಟು. ಕೆಳಗೆ ನಾವು, ಮೇಲೆ ಬಾಡಿಗೆಯವರು, ಒಟ್ಟು ಎಂಟು ಜನ. ಯುಜಿಡಿ (ಊರಿನ ಒಳಚರಂಡಿ) ಇನ್ನೂ ಬಂದಿಲ್ಲ. ಹಿಂದುಗಡೆ ಸೆಪ್ಟಿಕ್ ಟ್ಯಾಂಕ್, ಪಕ್ಕದಲ್ಲೇ ಸಿಮೆಂಟ್ ರಿಂಗ್ ಇಳಿಸಿದ ಇಂಗುಗುಂಡಿ. ಹೋದ ವಾರ ಲಾರಿ ಕರೆಸಿ ಟ್ಯಾಂಕ್ ಪೂರ್ತಿ ಎಳೆಸಿದೆ. ಈಗ ನೋಡಿದರೆ ಮತ್ತೆ ಮೇಲಿನವರೆಗೂ ನೀರು! ನಿನ್ನೆ ಮಳೆ ಜೋರಾದಾಗ ಕೆಳಗಿನ ಬಾತ್‌ರೂಮಿನ ಜಾಲರಿಯಿಂದ ಗುಳುಗುಳು ಅಂತ ಕೊಳಕು ನೀರು ಮೇಲೆ ಬಂತು. ಲಾರಿಯವರು ತಿಂಗಳಿಗೊಮ್ಮೆ ಎಳೆಸಿ ಅನ್ನುತ್ತಾರೆ. ಮೇಸ್ತ್ರಿ ಆಸಿಡ್ ಸುರೀರಿ ಅನ್ನುತ್ತಾರೆ. ಅತ್ತೆ "ನಾನು ಅವತ್ತೇ ಹೇಳಿದ್ದೆ" ಅನ್ನುತ್ತಿದ್ದಾರೆ. ಏನು ಹೇಳಿದ್ದರು ಅಂತ ನೆನಪಿಲ್ಲ.

ಮಾಗಡಿ_ರೋಡ್:
ಇದಕ್ಕೆಲ್ಲ ತಲೆ ಯಾಕೆ ಕೆಡಿಸಿಕೊಳ್ತೀರಿ ಮೇಡಂ. ಟ್ಯಾಂಕಿನಿಂದ ನಾಲ್ಕಿಂಚಿನ ಪೈಪ್ ಹಾಕಿ ಮುಂದಿನ ಮೋರಿಗೆ ಬಿಡಿ. ನಮ್ಮ ರೋಡಲ್ಲಿ ಎಲ್ಲರೂ ಹಾಗೇ ಮಾಡಿದ್ದಾರೆ.

ಪಿಟ್_ಪ್ಲಂಬರ್:
ದಯವಿಟ್ಟು ಹಾಗೆ ಮಾಡಬೇಡಿ. ಮೋರಿ ಇರೋದು ಮಳೆ ನೀರಿಗೆ. ಅದು ಹೋಗಿ ಸೇರೋದು ರಾಜಕಾಲುವೆಗೆ, ಅಲ್ಲಿಂದ ಕೆರೆಗೆ. 2007ರಲ್ಲಿ ಬಿಬಿಎಂಪಿಗೆ ಸೇರಿದ 110 ಹಳ್ಳಿಗಳ ಕಡೆಯೇ ನನ್ನ ಕೆಲಸ ಜಾಸ್ತಿ. ಇಂಥ ಪೈಪುಗಳನ್ನು ಎಷ್ಟು ನೋಡಿದ್ದೇನೋ.

ಮೇಡಂ, ಮೊದಲು ಒಂದು ವಿಷಯ. ಸೆಪ್ಟಿಕ್ ಟ್ಯಾಂಕ್ ಯಾವಾಗಲೂ ತುಂಬಿಯೇ ಇರಬೇಕು. ಗಟ್ಟಿ ಕೆಳಗೆ ಕೂರುತ್ತದೆ, ಜಿಡ್ಡು ಮೇಲೆ ತೇಲುತ್ತದೆ, ನಡುವಿನ ನೀರು ಮಾತ್ರ ಹೊರಗಿನ ಪೈಪಿನಿಂದ ಇಂಗುಗುಂಡಿಗೆ ಹೋಗುತ್ತದೆ. ಎಂಟು ಜನ ದಿನಕ್ಕೆ ತಲಾ 100 ಲೀಟರ್ ಅಂದರೂ 800 ಲೀಟರ್. ನಾಲ್ಕು ಸಾವಿರ ಲೀಟರಿನ ಟ್ಯಾಂಕು ಐದೇ ದಿನಕ್ಕೆ ತುಂಬುತ್ತದೆ. ಅದಕ್ಕೆ ಲಾರಿಯವರನ್ನು ಬೈದು ಪ್ರಯೋಜನವಿಲ್ಲ. ಆದರೆ ತಿಂಗಳಿಗೊಮ್ಮೆ ಎಳೆಸಿ ಅನ್ನೋದು ಅವರ ಬಾಡಿಗೆಯ ಮಾತು. ಸರಿಯಾಗಿ ಕಟ್ಟಿದ ಟ್ಯಾಂಕಿಗೆ ಎರಡು ಮೂರು ವರ್ಷಕ್ಕೊಮ್ಮೆ ಸಾಕು. ಅಡಿಯಲ್ಲಿ ಸ್ವಲ್ಪ ಬಗ್ಗಡ ಉಳಿಸಿದರೆ ಇನ್ನೂ ಒಳ್ಳೇದು.

ನಿಮ್ಮ ಕಾಯಿಲೆ ಬೇರೆ ಕಡೆ ಇದೆ. ಇಂಗುಗುಂಡಿಯ ಮುಚ್ಚಳ ತೆಗೆಸಿ, ನೀರಿನ ಮಟ್ಟ ನೋಡಿ. ಗುಂಡಿಯಲ್ಲೂ ಒಳಬರುವ ಪೈಪಿನ ಮಟ್ಟಕ್ಕೆ ನೀರು ನಿಂತಿದ್ದರೆ ಗುಂಡಿ ಇಂಗಿಸುತ್ತಿಲ್ಲ ಅಂತ ಅರ್ಥ. ಗುಂಡಿ ಖಾಲಿಯಿದ್ದು ಟ್ಯಾಂಕ್ ಮಾತ್ರ ಉಕ್ಕುತ್ತಿದ್ದರೆ ನಡುವಿನ ಪೈಪೋ, ಟ್ಯಾಂಕಿನೊಳಗಿನ 'ಟಿ' ಪೈಪೋ ಕಟ್ಟಿಕೊಂಡಿದೆ. ಮೇಲಿಂದಲೇ ಉದ್ದ ಬಿದಿರು ಪಟ್ಟಿ ಆಡಿಸಿದರೆ ಎಷ್ಟೋ ಸಲ ಬಿಟ್ಟುಕೊಳ್ಳುತ್ತದೆ. ಮುಖ ಬಗ್ಗಿಸಬೇಡಿ, ಬೆಂಕಿಕಡ್ಡಿ ಗೀರಬೇಡಿ. ಆಸಿಡ್ ಅಂತೂ ಬೇಡವೇ ಬೇಡ. ಕೊಳೆಸುವ ಹುಳ ಸಾಯುತ್ತದೆ, ಗಾರೆ ತಿನ್ನುತ್ತದೆ, ವಿಷಗಾಳಿ ಜಾಸ್ತಿಯಾಗುತ್ತದೆ.

ಇನ್ನೊಂದು. ತಾರಸಿಯ ಮಳೆ ನೀರಿನ ಪೈಪ್ ಎಲ್ಲಿಗೆ ಇಳಿದಿದೆ ನೋಡಿದ್ದೀರಾ?

ರಾಮೋಹಳ್ಳಿ_ರಸ್ತೆ:
ಅಯ್ಯೋ ಅಣ್ಣಾ, ಈಗ ತಾನೇ ಮಗನ ಕೈಲಿ ತಾರಸಿಯಿಂದ ಒಂದು ಬಕೆಟ್ ನೀರು ಹೊಯ್ಯಿಸಿದೆ. ಹಿಂದಿನ ಚೇಂಬರಿನಲ್ಲೇ ಬಂದು ಬಿತ್ತು! ಕಟ್ಟಿದವರು ಪೈಪ್ ಉಳಿಸೋಕೆ ಅದಕ್ಕೇ ಸೇರಿಸಿಬಿಟ್ಟಿದ್ದಾರೆ. ಇಂಗುಗುಂಡಿಯಲ್ಲೂ ನೀರು ಪೈಪಿನ ಬಾಯಿಗೇ ನಿಂತಿದೆ, ಮೇಲೆ ಕಪ್ಪು ಲೋಳೆ. ಲಾರಿ ಜೊತೆ ಬಂದ ಹುಡುಗ, ಎರಡು ಸಾವಿರ ಕೊಟ್ಟರೆ ಇಳಿದು ಕೆರೆದು ಕೊಡ್ತೀನಿ ಅಂದಿದ್ದ. ಕರೆಸಲಾ?

ಪಿಟ್_ಪ್ಲಂಬರ್:
ಯಾರನ್ನೂ ಇಳಿಸಬೇಡಿ. ಹುಡುಗ ತಾನಾಗಿಯೇ ಒಪ್ಪಿದರೂ ಬೇಡ. ಒಳಗಿನ ಗಾಳಿಗೆ ಮೊದಲು ಕೊಳೆತ ಮೊಟ್ಟೆ ವಾಸನೆ ಬರುತ್ತದೆ, ಜಾಸ್ತಿಯಾದರೆ ಮೂಗಿಗೆ ವಾಸನೆಯೇ ಗೊತ್ತಾಗೋದಿಲ್ಲ. ಒಬ್ಬ ಬಿದ್ದರೆ ಎತ್ತಲು ಹೋದವನೂ ಬೀಳುತ್ತಾನೆ. ಕೈಯಿಂದ ಮಲ ಬಾಚಿಸುವುದನ್ನು ನಿಷೇಧಿಸುವ 2013ರ ಕಾಯ್ದೆ ಪ್ರಕಾರ ಹಾಗೆ ಇಳಿಸುವುದು ಅಪರಾಧ, ಇಳಿಸಿದ ಮನೆಯವರ ಮೇಲೂ ಕೇಸಾಗುತ್ತದೆ.

ಮೊದಲು ತಾರಸಿ ಪೈಪನ್ನು ಚೇಂಬರಿನಿಂದ ಬಿಡಿಸಿ. ಆ ನೀರನ್ನು ನೆಲದಡಿಯ ಸಂಪ್‌ಗೆ ಹಾಯಿಸಿ, ಇಲ್ಲಾ ಮುಂದೆ ಬೇರೆ ಮಳೆಗುಂಡಿ ಮಾಡಿ. ಆಮೇಲೆ ವಾಷಿಂಗ್ ಮೆಷಿನ್ ನೀರು. ಅದನ್ನು ಕಾಂಪೌಂಡ್ ಪಕ್ಕ ಒಂದು ಸಾಲು ಜಲ್ಲಿ ಹಾಕಿ ಕಾಬಾಳೆ ಗಿಡಕ್ಕೆ ಬಿಟ್ಟರೆ ಗುಂಡಿಯ ಹೊರೆ ಎಷ್ಟೋ ಇಳಿಯುತ್ತದೆ. ಇಷ್ಟು ಮಾಡಿ, ಲಾರಿಯ ಪೈಪಿನಿಂದಲೇ ಗುಂಡಿಯನ್ನೂ ಎಳೆಸಿ ಸ್ವಲ್ಪ ದಿನ ನೋಡಿ. ಮತ್ತೆ ನಿಂತರೆ ಲೋಳೆ ಮಣ್ಣಿನ ರಂಧ್ರ ಮುಚ್ಚಿದೆ ಅಂತ. ಆಗ ಹೊಸ ಗುಂಡಿಯೇ ಗತಿ. ಆಳ ಆಳ ಅಂತ ಬಂಡೆವರೆಗೆ ತೋಡಬೇಡಿ. ಬಂಡೆ ಇಂಗಿಸೋದಿಲ್ಲ. ಅಗಲ ಮಾಡಿ.

ಬೋರ್ ಇದೆಯಾ?

ರಾಮೋಹಳ್ಳಿ_ರಸ್ತೆ:
ಇದೆ. ಈಶಾನ್ಯದಲ್ಲಿ. ಪಿಟ್ ವಾಯುವ್ಯಕ್ಕೆ. ಅತ್ತೆ ಹೇಳಿದ್ದು ಇದನ್ನೇ ಇರಬೇಕು.

ಪಿಟ್_ಪ್ಲಂಬರ್:
ಇಂಗುಗುಂಡಿಗೂ ಬಾವಿಗೂ 18 ಮೀಟರ್, ಅಂದರೆ ಸುಮಾರು 60 ಅಡಿ ಇರಬೇಕು ಅಂತ ನಿಯಮ. 30x40 ಸೈಟಿನಲ್ಲಿ ಮೂಲೆಯಿಂದ ಮೂಲೆಗೆ ಅಳೆದರೂ 50 ಅಡಿ. ಹಾಗಾಗಿ 60 ಅಡಿ ಸಿಗೋದೇ ಇಲ್ಲ. ಹೊಸ ಗುಂಡಿ ತೋಡಿಸಿದರೆ ಬೋರ್‌ನಿಂದ ಆದಷ್ಟು ದೂರ, ನೈಋತ್ಯಕ್ಕೆ ತಳ್ಳಿ. ಅಲ್ಲಿ ಗುಂಡಿ ಅಂದರೆ ಅತ್ತೆ ಒಪ್ಪಲ್ಲ ಅಂತ ಗೊತ್ತು, ಅದು ನಿಮ್ಮ ಮನೆಯ ವಿಷಯ. ಬೋರ್ ನೀರನ್ನು ಲ್ಯಾಬಿಗೆ ಕೊಟ್ಟು ಇ-ಕೋಲಿ (ಮಲದಿಂದ ಬರುವ ಬ್ಯಾಕ್ಟೀರಿಯಾ), ನೈಟ್ರೇಟ್ ನೋಡಿಸಿ. ವರದಿ ಬರುವ ತನಕ ಕುಡಿಯೋಕೆ ಬೇರೆ ನೀರು ತರಿಸಿ. ಕಾಯಿಸಿದರೆ ಇ-ಕೋಲಿ ಸಾಯುತ್ತದೆ, ನೈಟ್ರೇಟ್ ಹೋಗಲ್ಲ.